ಮೈ ಇಲ್ಲದವರು ಮಾರುವಂತಿಲ್ಲ

ನಮ್ಮೂರಿನಲ್ಲಿ ಕಾರು ಮಾರುವವರಿಗೆ ಮೊದಲು ಬೇಕಾಗುವುದು ಡಾಕ್ಟರ ಸರ್ಟಿಫಿಕೇಟು. ಆಮೇಲೆ ಕಂಪನಿಯ ಒಪ್ಪಂದ, ಅದಾದ ಮೇಲೆ ಊರ ಕಚೇರಿಯ ಪರವಾನಗಿ. ನಾನು ಚನ್ನಾಜಮ್ಮನವರ ಶೋರೂಮಿಗೆ ಗುಮಾಸ್ತನಾಗಿ ಸೇರಿದಾಗ ಅವರ ಮೈ ನೂರಾ ಹತ್ತು ಕಾರುಗಳನ್ನು ಹೊತ್ತಿತ್ತು. ಈಗ ಹೇಳಹೊರಟಿರುವ ವರ್ಷ ಅದು ನೂರಾ ಅರವತ್ತಮೂರಕ್ಕೆ ಬಂದಿತ್ತು. ರಿಜಿಸ್ಟರಿನಲ್ಲಂತೂ ಹಾಗೆಯೇ ಇತ್ತು.

ಶೋರೂಮು ಪೇಟೆ ಬೀದಿಯ ಕೊನೆಯಲ್ಲಿದೆ. ಎದುರಿಗೇ ರಸ್ತೆಗೆ ಅಡ್ಡಲಾಗಿ ಒಂದು ಹಂಪು. ಒಳಗೆ ಗೋಡೆಯ ಮೇಲೆ ಆಳೆತ್ತರದ ಮನುಷ್ಯನ ಪಟ ಇದೆ, ಹೈಸ್ಕೂಲಿನ ವಿಜ್ಞಾನದ ಕೊಠಡಿಯಿಂದ ಬೇಡಿ ತಂದದ್ದು. ಬೆಳಗ್ಗೆ ಎಂಟೂವರೆಗೆ ಚನ್ನಾಜಮ್ಮನವರು ಬಂದು ಆ ಪಟದ ಮುಂದೆ ನಿಂತು, ನೋವಿರುವ ಜಾಗದಲ್ಲಿ ಗುಂಡುಪಿನ್ನು ಚುಚ್ಚಿ ಕಾರಿನ ನಂಬರಿನ ಚೀಟಿ ಸಿಕ್ಕಿಸುತ್ತಿದ್ದರು. ಚಕ್ರದ ಬೇರಿಂಗು ಹೋದರೆ ಮೊಣಕಾಲು. ಬ್ರೇಕು ಸವೆದರೆ ದವಡೆ. ಸೈಲೆನ್ಸರು ತೂತಾದರೆ ಒಣಕೆಮ್ಮು. ಬ್ಯಾಟರಿ ಸೋತರೆ ಹಾಸಿಗೆಯಿಂದ ಏಳುವಾಗ ತಲೆಸುತ್ತು. ಮೆಕ್ಯಾನಿಕ್ ಗೌಸಣ್ಣ ಬೀಡಿ ಆರಿಸಿ ಒಳಗೆ ಬಂದು ಪಟ ನೋಡಿ ಆ ದಿನದ ಕೆಲಸ ತಿಳಿದುಕೊಳ್ಳುತ್ತಿದ್ದ.

"ಅಕ್ಕಾ, ಈ ಭುಜದ್ದು ಯಾರ್ದು? ಚೀಟಿ ಇಲ್ವಲ್ಲ."

"ಯಾರ್ದೋ ಇನ್ನೂ ಗೊತ್ತಾಗ್ತಿಲ್ಲ ಕಣಪ್ಪ. ಕ್ಲಚ್ಚೇ. ನೋವಲ್ಲಿ ಒಂಥರಾ ಕೊಬ್ಬರಿ ವಾಸನೆ ಇದೆ. ಕಾಯಿ ಮಂಡಿಯವನನ್ನ ಕೇಳಿ ನೋಡು."

ಗೌಸಣ್ಣ ಮಂಡಿಗೆ ಹೋಗುವಷ್ಟರಲ್ಲಿ ಮಂಡಿಯವನೇ ಕಾರು ತಂದಿರುತ್ತಿದ್ದ. ಬೇರೆ ಊರುಗಳಲ್ಲಿ ಕಾರು ಕೆಟ್ಟು ನಿಂತ ಮೇಲೆ ರಿಪೇರಿ ಮಾಡಿಸುತ್ತಾರಂತೆ. ಕೇಳಿದ್ದೇನೆ, ನೋಡಿಲ್ಲ.

ಚನ್ನಾಜಮ್ಮನವರ ಮೇಲೆ ಸಿಟ್ಟು ಬಂದವರಿಗೆ ಒಂದು ಅನುಕೂಲವಿತ್ತು. ಹೈಸ್ಕೂಲಿನ ಹೆಡ್‌ಮೇಷ್ಟ್ರು ಯಾವುದೋ ಹಳೆಯ ಮಾತಿಗೆ ಮುನಿಸಿಕೊಂಡು, ದಿನಾ ಸಂಜೆ ನಮ್ಮೆದುರಿನ ಹಂಪಿನ ಮೇಲೆ ಕಾರನ್ನು ಬೇಕೆಂದೇ ಜೋರಾಗಿ ಹಾರಿಸಿಕೊಂಡು ಹೋಗುತ್ತಿದ್ದರು. ಚನ್ನಾಜಮ್ಮನವರು ಸೊಂಟ ಹಿಡಿದುಕೊಂಡು, "ಪಾಠ ಹೇಳೋ ಮನುಷ್ಯ, ತಾನು ಒಂದಕ್ಷರ ಕಲೀಲಿಲ್ಲ" ಎನ್ನುತ್ತಿದ್ದರು. ಅಷ್ಟೇ. ಸರ್ವಿಸಿಗೆ ಬಂದಾಗ ಅವರ ಕಾರನ್ನೂ ಎಲ್ಲರದರಷ್ಟೇ ಚೆನ್ನಾಗಿ ನೋಡಿಸುತ್ತಿದ್ದರು. ನೋಡಿಸದಿದ್ದರೆ ನೋಯುವುದು ಯಾರಿಗೆ?

ಊರ ಕಚೇರಿಯ ವಾಹನ ಮಾರಾಟದ ನಿಯಮಗಳು ಒಟ್ಟು ಹನ್ನೊಂದು. ಮೊದಲನೆಯದು ಒಂದೇ ಸಾಲು: ಮೈ ಇಲ್ಲದವರು ಮಾರುವಂತಿಲ್ಲ. ಕಂಪನಿ ಕಾರು ತಯಾರಿಸಬಹುದು, ಲಾರಿಯಲ್ಲಿ ಕಳಿಸಬಹುದು, ಜಾಹೀರಾತು ಹಾಕಬಹುದು. ಊರಿನ ಒಬ್ಬ ಮನುಷ್ಯನಿಗೂ ತಾನೇ ಮಾರಕೂಡದು. ಪರವಾನಗಿ ಪಡೆದ ಡೀಲರು ಬಾನೆಟ್ಟಿನ ಮೇಲೆ ಅಂಗೈ ಇಟ್ಟಿರಬೇಕು, ಕೊಂಡವರು ಆಗ ಮೊದಲ ಸಲ ಎಂಜಿನ್ ಚಾಲೂ ಮಾಡಬೇಕು. ಅಲ್ಲಿಗೆ ಮಾರಾಟ ಮುಗಿಯಿತು, ಕಾರು ಡೀಲರ ಮೈಗೆ ಸೇರಿತು. ಕಂಪನಿಯವರು ಮೂರು ಸಲ ತಮ್ಮದೇ ಕೌಂಟರ್ ತೆರೆಯಲು ಅರ್ಜಿ ಹಾಕಿದ್ದರು. ಮೂರು ಸಲವೂ ಊರ ಕಚೇರಿ ಒಂದೇ ಪ್ರಶ್ನೆ ಕೇಳಿ ಕಾಗದ ಬರೆಯಿತು: ಕೆಟ್ಟರೆ ಯಾರಿಗೆ ನೋಯುತ್ತದೆ? ಕಂಪನಿ ಮೂರು ಸಲವೂ ಉತ್ತರವಾಗಿ ಒಂದು ಉಚಿತ ಫೋನ್ ನಂಬರ್ ಕಳಿಸಿತು.

ಈ ನಿಯಮಗಳನ್ನು ನಾನು ಓದಿದ್ದು ಸಂಜೆ ತರಗತಿಯಲ್ಲಿ. ಹಗಲು ಮೂರನೇ ಕ್ಲಾಸಿನ ಮಕ್ಕಳು ಕೂರುವ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಗಲುವ ಹಾಗೆ ಕೂತು ಎರಡು ವರ್ಷ ಕಾನೂನು ಕಲಿತೆ. ವಕೀಲನಾಗುವಷ್ಟಲ್ಲ, ಕಾಗದ ಬರೆಯುವಷ್ಟು. ನಮ್ಮ ಮೇಷ್ಟ್ರು ಹೇಳುತ್ತಿದ್ದರು, "ಕರಾರನ್ನು ನಿಮ್ಮ ಕಣ್ಣಲ್ಲಿ ಒಂದು ಸಲ ಓದಿ, ಎದುರಾಳಿ ಕಣ್ಣಲ್ಲಿ ಎರಡು ಸಲ ಓದಿ." ನಾನು ಎಲ್ಲವನ್ನೂ ಐದು ಸಲ ಓದುತ್ತಿದ್ದೆ, ಆದರೂ ಅಂಚೆ ಡಬ್ಬಿಗೆ ಹಾಕಿದ ಮೇಲೆ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಗೌಸಣ್ಣ ನನ್ನನ್ನು ವಕೀಲರೇ ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ.

ಇಷ್ಟು ಹುಷಾರಿನ ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು.

ಕಂಪನಿಯ ಜಗಳ ಶುರುವಾಗುವುದಕ್ಕೆ ಏಳು ತಿಂಗಳ ಮುಂಚೆ ಹೆಡ್‌ಮೇಷ್ಟ್ರ ಕಾರು ಗುಡ್ಡದ ರಸ್ತೆಯಲ್ಲಿ ರೇಡಿಯೇಟರಿನ ನೀರು ಬತ್ತಿ ಕುದ್ದುಹೋಯಿತು. ಚನ್ನಾಜಮ್ಮನವರಿಗೆ ನೂರಾ ನಾಲ್ಕು ಡಿಗ್ರಿ ಜ್ವರ ಬಂದು ಆಸ್ಪತ್ರೆ ಸೇರಿದರು. ಅದೇ ಶುಕ್ರವಾರ ಹಪ್ಪಳದ ತುಳಸಾಬಾಯಿಯವರಿಗೆ ಕಾರು ಕೊಡುವ ಮುಹೂರ್ತ. ತುಳಸಾಬಾಯಿ ಹಪ್ಪಳ ಸಂಡಿಗೆ ಮಾಡಿ ಸುತ್ತಲಿನ ಅಂಗಡಿಗಳಿಗೆಲ್ಲ ಹಾಕುವವರು. ಹನ್ನೆರಡು ವರ್ಷ ಸೈಕಲ್ಲಿನ ಮೇಲೆ ಡಬ್ಬ ಕಟ್ಟಿಕೊಂಡು ತಿರುಗಿ ಈಗ ಕಾರು ಕೊಳ್ಳುತ್ತಿದ್ದರು. ಚನ್ನಾಜಮ್ಮನವರು ಆಸ್ಪತ್ರೆಯಿಂದಲೇ ಹೇಳಿ ಕಳಿಸಿದರು: ಮುಹೂರ್ತಕ್ಕೆ ಪೂಜೆ ಮಾಡಿ ಕೂರಿಸಿಬಿಡು, ಚಾಲೂ ಮಾಡೋದು ಬೇಡ, ಸೋಮವಾರ ನಾನೇ ಬಂದು ಕೈಯಿಡ್ತೀನಿ.

ಪೂಜೆ ಮಾಡಿದೆವು. ತುಳಸಾಬಾಯಿ ಒಳಗೆ ಕೂತರು. ಬಾನೆಟ್ಟಿಗೆ ಹಚ್ಚಿದ ಕುಂಕುಮ ಒಂದು ಕಡೆ ಇಳಿದು ಬಣ್ಣದ ಮೇಲೆ ಗೆರೆ ಬಿದ್ದಿತ್ತು. ಹೊಸ ಕಾರು, ಕಲೆ ನಿಂತರೆ ಏನು ಗತಿ ಎಂದು ನಾನು ಬಗ್ಗಿ ಅಂಗೈಯಿಂದ ಒರೆಸಿದೆ. ಅದೇ ಗಳಿಗೆಯಲ್ಲಿ ಆಯಮ್ಮ, ಸುಮ್ಮನೆ ಹೇಗಿದೆ ನೋಡೋಣ ಅಂತ ಕೀಲಿ ತಿರುಗಿಸಿದರು. ನನ್ನ ಅಂಗೈ ಕೆಳಗೆ ಎಂಜಿನ್ ಗುರ್ ಎಂದಿತು.

ಸಂಜೆಯ ಹೊತ್ತಿಗೆ ನನ್ನ ಬಲ ದವಡೆಯಲ್ಲಿ ಏನೋ ಕುಟುಕಿದ ಹಾಗಾಯಿತು. ಸೋಮವಾರ ಚನ್ನಾಜಮ್ಮನವರು ಬಂದು ಶಾಸ್ತ್ರಕ್ಕೆ ಬಾನೆಟ್ಟಿನ ಮೇಲೆ ಕೈಯಿಟ್ಟರು, ತುಳಸಾಬಾಯಿ ಚಾಲೂ ಮಾಡಿದರು. ಚನ್ನಾಜಮ್ಮನವರು ಕೈ ತೆಗೆದು ಒಂದು ಸಲ ನೋಡಿಕೊಂಡರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಎರಡನೇ ನಿಯಮ ನನಗೆ ಬಾಯಿಪಾಠ ಬರುತ್ತಿತ್ತು: ಪರವಾನಗಿ ಇಲ್ಲದವನ ಕೈಯಿಂದ ಮಾರಾಟವಾದರೆ ಆ ಡೀಲರಶಿಪ್ಪನ್ನು ರದ್ದು ಮಾಡಲು ಅದೊಂದೇ ಕಾರಣ ಸಾಕು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ಏಳು ತಿಂಗಳು ಕಳೆದೆ. ರಿಜಿಸ್ಟರಿನಲ್ಲಿ ಅದು ನೂರಾ ಐವತ್ತೆಂಟನೆಯ ಕಾರು, ಡೀಲರು ಚನ್ನಾಜಮ್ಮ, ಎಂದು ನನ್ನದೇ ಅಕ್ಷರದಲ್ಲಿದೆ.

ಏಳು ತಿಂಗಳಲ್ಲಿ ಆ ಕಾರಿನ ಸ್ವಭಾವ ನನಗೆ ತಿಳಿಯಿತು. ಹಪ್ಪಳ ತುಂಬಿಕೊಂಡು ಹೋಗುವಾಗ ತುಳಸಾಬಾಯಿ ಹೂವು ಹೊತ್ತಂತೆ ಹೋಗುತ್ತಿದ್ದರು. ಹಂಪು ಬಂದರೆ ಗಾಡಿ ಇರುವೆಯ ಹಾಗೆ ಹತ್ತಿ ಇಳಿಯುತ್ತಿತ್ತು. ಹಪ್ಪಳ ಇಳಿಸಿ ಖಾಲಿ ಕಾರಿನಲ್ಲಿ ವಾಪಸು ಬರುವಾಗ ಮಾತ್ರ ಹನ್ನೆರಡು ವರ್ಷ ಸೈಕಲ್ ತುಳಿದ ಸಿಟ್ಟೆಲ್ಲ ಆಕ್ಸಿಲರೇಟರಿನ ಮೇಲೆ. ಹಂಪಿನ ತನಕ ಅದೇ ವೇಗ, ಎದುರಿಗೆ ಬಂದಾಗ ಗಕ್ಕನೆ ಬ್ರೇಕು, ಆಮೇಲೆ ಧಡ್. ನಾನು ಮೇಜಿನ ಹಿಂದೆ ಕೂತು ಮುಖ ಕಿವುಚಿಕೊಂಡು, ಇವತ್ತು ಮಾಲೆಲ್ಲ ಖರ್ಚಾಗಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಹೀಗಿರುವಾಗ ಕಂಪನಿ ಎರಡು ದೊಡ್ಡ ಲಾರಿಗಳಲ್ಲಿ ಹದಿನಾರು ಕಾರು ಕಳಿಸಿತು. ನಾವು ಕೇಳಿರಲಿಲ್ಲ. ವರ್ಷದ ಕೊನೆಯೊಳಗೆ ಚನ್ನಾಜಮ್ಮನವರು ಇನ್ನೂರು ಮುಟ್ಟಬೇಕೆಂದು ಅವರ ಲೆಕ್ಕ. ನಮ್ಮ ಡಾಕ್ಟರು ನೂರಾ ಅರವತ್ತಮೂರರ ಮೇಲೆ ಒಂದು ಸ್ಕೂಟರನ್ನೂ ಹೊರುವ ಹಾಗಿಲ್ಲ ಎಂದು ಬರೆದುಕೊಟ್ಟಿದ್ದರು. ಕೇಳದ ಕಾರನ್ನು ಡೀಲರ ತಲೆಗೆ ಕಟ್ಟುವಂತಿಲ್ಲ ಎಂಬುದು ಆರನೇ ನಿಯಮ. ಅದನ್ನು ಉಲ್ಲೇಖಿಸಿ ನಾನು ಕಾಗದ ಬರೆದೆ. ಲಾರಿಗಳು ಮೂರು ದಿನ ಬೀದಿಯಲ್ಲಿ ನಿಂತು, ಡ್ರೈವರುಗಳು ತುಳಸಾಬಾಯಿಯ ಹಪ್ಪಳವನ್ನೆಲ್ಲ ತಿಂದು, ವಾಪಸು ಹೋದವು.

ಹದಿನೈದು ದಿನಕ್ಕೆ ನೋಟಿಸು ಬಂತು. ಮಾರಾಟ ಸಾಲದು ಎಂಬ ಕಾರಣಕ್ಕೆ ತೊಂಬತ್ತನೇ ದಿನಕ್ಕೆ ಡೀಲರಶಿಪ್ಪು ಮುಕ್ತಾಯ. ಅಂದಿನಿಂದ ಬಿಡಿಭಾಗಗಳ ಸರಬರಾಜು ಬಂದ್.

ಕೊನೆಯ ಸಾಲನ್ನು ಓದಿದಾಗ ಗೌಸಣ್ಣ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ಡೀಲರಶಿಪ್ಪು ಹೋದರೂ ಮಾರಿದ ಕಾರುಗಳು ಮೈಬಿಟ್ಟು ಹೋಗುವುದಿಲ್ಲ. ಬಿಡಿಭಾಗ ಮಾತ್ರ ಡೀಲರಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಬ್ರೇಕ್ ಪ್ಯಾಡಿಲ್ಲ, ಬೇರಿಂಗಿಲ್ಲ, ಕ್ಲಚ್ ಪ್ಲೇಟಿಲ್ಲ. ಒಂದೊಂದಾಗಿ ಕೆಡುತ್ತಾ ಹೋಗುವ ನೂರಾ ಅರವತ್ತಮೂರು ಕಾರುಗಳು, ಅಷ್ಟನ್ನೂ ವಾಸಿಯಾಗದೆ ಹೊತ್ತುಕೊಂಡು ಕೂರುವ ಒಂದು ಮೈ.

"ಎಷ್ಟು ದಿನ ತಡೀಬಹುದಕ್ಕಾ?" ಎಂದು ಗೌಸಣ್ಣ ಕೇಳಿದ.

"ಮಳೆಗಾಲದ ತನಕ ತಡೀಬಹುದು," ಎಂದರು ಚನ್ನಾಜಮ್ಮ. "ಮಳೆಗಾಲದಲ್ಲಿ ವೈಪರುಗಳು ಒಂದೇ ಸಲ ಶುರುವಾಗ್ತವೆ. ಕಣ್ಣು ಮುಚ್ಚೋಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪುಸ್ತಕದಲ್ಲಿ ಏನಾದ್ರೂ ಇದೆಯೇನೋ ಹೊನ್ನೇಶ?"

ಇತ್ತು. ಎಂಟನೇ ನಿಯಮ. ಮುಕ್ತಾಯಕ್ಕೆ ಮುಂಚೆ ಕಂಪನಿಯ ಅಧಿಕಾರಿ ಖುದ್ದಾಗಿ ಬಂದು ತಟ್ಟು ಪರೀಕ್ಷೆ ಮಾಡಬೇಕು: ಡೀಲರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಮಾರಿದ ಒಂದೊಂದು ಕಾರಿನ ಚಕ್ರವನ್ನೂ ಮರದ ಸುತ್ತಿಗೆಯಿಂದ ತಟ್ಟಿ, ಅದು ಎಲ್ಲಿ ತಿಳಿಯಿತು ಎಂದು ಕೇಳಬೇಕು. ಡಾಕ್ಟರು ಬರೆದಷ್ಟೂ ಕಾರನ್ನು ಮೈ ನಿಜವಾಗಿ ಹೊತ್ತಿದೆ ಎಂದು ತಿಳಿದುಬಂದರೆ, ಮಾರಾಟ ಸಾಲದು ಎಂಬ ಕಾರಣ ಬಿದ್ದುಹೋಗುತ್ತದೆ. ಪರೀಕ್ಷೆಗೆ ಒತ್ತಾಯಿಸಿ ನಾನೇ ಕಾಗದ ಬರೆದೆ, ನನ್ನ ಕೈಯಿಂದಲೇ ಅಂಚೆಗೆ ಹಾಕಿದೆ. ಡಬ್ಬಿಯೊಳಗೆ ಕಾಗದ ಬಿದ್ದ ಸದ್ದು ಕೇಳಿದಾಗಲೇ ನೂರಾ ಐವತ್ತೆಂಟರ ನೆನಪಾದದ್ದು ಎಂದರೆ ಯಾರೂ ನಂಬುವುದಿಲ್ಲ. ನಾನೇ ಪೂರ್ತಿ ನಂಬುವುದಿಲ್ಲ.

ಕಂಪನಿಯಿಂದ ಬಂದವರು ಮೋಹನದಾಸ ಪ್ರಭು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಮನುಷ್ಯ. ಭಾನುವಾರ ಬೆಳಗ್ಗೆ ಶೋರೂಮಿನ ಹಿಂದಿನ ಬಯಲಿನಲ್ಲಿ ಊರಿನ ಕಾರುಗಳೆಲ್ಲ ಸಾಲಾಗಿ ನಿಂತವು. ಮಾಲೀಕರು ಕಾರಿಗೆ ಒರಗಿಕೊಂಡು ಮಂಡಕ್ಕಿ ತಿನ್ನುತ್ತಿದ್ದರು. ಹೆಡ್‌ಮೇಷ್ಟ್ರೂ ಬಂದಿದ್ದರು, ಕಾರು ತೊಳೆಸಿಕೊಂಡು. ಚನ್ನಾಜಮ್ಮನವರು ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ನಾನು, ರಿಜಿಸ್ಟರು ಹಿಡಿದುಕೊಂಡು.

ಪ್ರಭು ಮೊದಲ ಚಕ್ರ ತಟ್ಟಿದರು.

"ಎಡ ಪಾದ," ಎಂದರು ಚನ್ನಾಜಮ್ಮ, ಪಾದ ಎತ್ತಿ ಉಜ್ಜಿಕೊಳ್ಳುತ್ತಾ. "ಹಾಲಿನ ಡೈರಿದು. ಗಾಳಿ ಕಮ್ಮಿ ಇದೆ, ಹಾಕಿಸಿಕೊಳ್ಳೋಕೆ ಹೇಳಿ."

ಗಾಳಿ ನೋಡಿದರು. ಕಮ್ಮಿಯೇ ಇತ್ತು. ಜನ ನಕ್ಕರು.

"ಸೊಂಟ. ಇದನ್ನ ತಟ್ಟೋದೇ ಬೇಕಿರ್ಲಿಲ್ಲ ಸಾಹೇಬ್ರೇ, ಮೇಷ್ಟ್ರದು, ನಿದ್ದೆಯಲ್ಲೂ ಹೇಳ್ತೀನಿ."

ಹೆಡ್‌ಮೇಷ್ಟ್ರು ಮಂಡಕ್ಕಿ ಪೊಟ್ಟಣದೊಳಗೆ ನೋಡಿದರು.

ಹೀಗೆ ಮಧ್ಯಾಹ್ನದ ತನಕ ನಡೆಯಿತು. ಪ್ರಭು ಸಾಲು ಬಿಟ್ಟು ಅಲ್ಲೊಂದು ಇಲ್ಲೊಂದು ತಟ್ಟಿದರು, ಎರಡು ಸಲ ಸುಮ್ಮನೆ ನೆಲ ತಟ್ಟಿದರು. ಅಮ್ಮ, ಅವರನ್ನು ನಾನು ಕರೆಯುತ್ತಿದ್ದುದು ಹಾಗೆ, ಒಂದು ಸಲವೂ ತಪ್ಪಲಿಲ್ಲ. ಪ್ರತಿ ಸಲವೂ ಮೊದಲು ಕೈ ಆ ಜಾಗಕ್ಕೆ ಹೋಗುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ತುಳಸಾಬಾಯಿಯ ಬಿಳಿ ಕಾರಿನ ಹತ್ತಿರ ಅವರು ಬಂದಾಗ ನಾನು ರಿಜಿಸ್ಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಟ್ಟಿದರು. ದವಡೆಯಿಂದ ಕಿವಿಯ ತನಕ ಜುಮ್ಮೆಂದಿತು. ಹಲ್ಲು ಕಚ್ಚಿಕೊಂಡರೂ ಉಸಿರು ಒಂದು ಸಲ ಒಳಕ್ಕೆ ಎಳೆಯಿತು.

"ದವಡೆ," ಎಂದರು ಚನ್ನಾಜಮ್ಮ. "ಬಲಗಡೆ. ಹಪ್ಪಳದ ತುಳಸಾಬಾಯಿದು."

ಅವರ ಎರಡು ಕೈಗಳೂ ಮಡಿಲಿನಲ್ಲೇ ಇದ್ದವು. ಕದಲಿರಲಿಲ್ಲ.

ಆಗ ನನಗೆ ತಿಳಿಯಿತು, ನನ್ನ ಉಸಿರಿನ ಸದ್ದು ಕೇಳಿಯೇ ಅವರು ಹೇಳಿದ್ದರು. ಸೋಮವಾರ ಬಾನೆಟ್ಟಿನಿಂದ ಕೈ ತೆಗೆದು ನೋಡಿಕೊಂಡ ದಿನದಿಂದಲೇ ಅವರಿಗೆ ಗೊತ್ತಿತ್ತು. ಏಳು ತಿಂಗಳು ನಾನು ಮೇಜಿನ ಹಿಂದೆ ಮುಖ ಕಿವುಚುವುದನ್ನು ನೋಡಿಯೂ ನೋಡದ ಹಾಗೆ ಇದ್ದರು.

ಉಳಿದ ಕಾರುಗಳೂ ಮುಗಿದವು. ಪ್ರಭು ಸುತ್ತಿಗೆ ಕೆಳಗಿಟ್ಟು, ಕರವಸ್ತ್ರದಿಂದ ಕೈ ಒರೆಸಿಕೊಂಡು ಬರೆದರು: ನೂರಾ ಅರವತ್ತಮೂರಕ್ಕೆ ನೂರಾ ಅರವತ್ತಮೂರು. ಬಯಲಿನಲ್ಲಿ ಯಾರೋ ಹಾರನ್ ಹೊಡೆದರು. ಅದು ಸಂತೋಷಕ್ಕೆ, ಆದರೂ ಚನ್ನಾಜಮ್ಮನವರಿಗೆ ಬಿಕ್ಕಳಿಕೆ ಬಂತು. ಗೌಸಣ್ಣ ನನ್ನ ಬೆನ್ನು ತಟ್ಟಿದ. "ಗೆದ್ವಿ ವಕೀಲರೇ."

ಪ್ರಭು ಕಾಗದವನ್ನು ನನ್ನ ಮುಂದೆ ಇಟ್ಟರು. ಕೆಳಗೆ ಒಂದು ಸಾಲು: ಮೇಲಿನದೆಲ್ಲವೂ ನಾನು ಕಂಡಂತೆ ನಿಜ. ಸಾಕ್ಷಿಯ ಸಹಿ.

ನಾನು ಆ ಸಾಲನ್ನು ಐದು ಸಲ ಓದಿದೆ. ಆರನೆಯ ಸಲವೂ ಓದಿದೆ. ಸಹಿ ಹಾಕಿದರೆ ಅಮ್ಮ ಉಳಿಯುತ್ತಾರೆ. ಆದರೆ ಸಹಿ ಬಿದ್ದ ಸುಳ್ಳು ಎಂದಾದರೂ ಹೊರಬಿದ್ದರೆ ಪರವಾನಗಿ ಶಾಶ್ವತವಾಗಿ ಹೋಗುತ್ತದೆ. ದವಡೆ ನನ್ನದು, ಯಾವತ್ತು ಯಾರ ಮುಂದೆ ಉಸಿರೆಳೆಯುತ್ತದೋ ನನಗೇ ಗೊತ್ತಿಲ್ಲ. ಇದು ನನ್ನ ಪುಕ್ಕಲುತನವೋ ಪ್ರಾಮಾಣಿಕತೆಯೋ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕೆಂದು ಸಂಜೆ ತರಗತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

"ಸರ್, ನೂರಾ ಐವತ್ತೆಂಟು ಅಮ್ಮನದಲ್ಲ," ಎಂದೆ. "ನನ್ನದು."

"ನಿನ್ನ ಬಾಯಿಗಿಷ್ಟು ಗ್ರೀಸು ಹಾಕ!" ಎಂದ ಗೌಸಣ್ಣ.

ಚನ್ನಾಜಮ್ಮನವರು ಕುರ್ಚಿಯಲ್ಲೇ ತಿರುಗಿದರು. "ಸಾಹೇಬ್ರೇ, ಇವನು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಏನೇನೋ ಮಾತಾಡ್ತಾನೆ. ನೀವು ಕಾಗದ ತಗೊಳ್ಳಿ."

ಪ್ರಭು ಕಾಗದ ತೆಗೆದುಕೊಳ್ಳಲಿಲ್ಲ. ನನ್ನನ್ನು ಅದೇ ಕುರ್ಚಿಯಲ್ಲಿ ಗೋಡೆಯ ಕಡೆ ಕೂರಿಸಿದರು. ಬಯಲಿನಲ್ಲಿ ಸುತ್ತಾಡಿ ಹತ್ತು ಕಾರು ತಟ್ಟಿದ ಸದ್ದು ಕೇಳಿತು. ಏಳನೆಯದಕ್ಕೆ ನನ್ನ ಕೈ ದವಡೆಗೆ ಹೋಯಿತು. ಹೇಳುವ ಅಗತ್ಯವೇ ಬೀಳಲಿಲ್ಲ.

"ಇದನ್ನು ನಾನು ಬರೆಯಲೇಬೇಕಾಗುತ್ತದೆ, ಹೊನ್ನೇಶ್ ಅವರೇ," ಎಂದರು ಪ್ರಭು. ದನಿಯಲ್ಲಿ ಖುಷಿ ಇರಲಿಲ್ಲ. "ಪರವಾನಗಿ ಇಲ್ಲದ ಮಾರಾಟ. ಮುಕ್ತಾಯಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ."

ಕುಂಕುಮದ ಕಥೆ ಹೇಳಿದೆ. ತುಳಸಾಬಾಯಿ ಓಡಿಬಂದು, "ಕೀಲಿ ತಿರುಗಿಸಿದ್ದು ನಾನು ಸ್ವಾಮಿ, ಬರಕೊಳ್ಳೋದಾದ್ರೆ ನನ್ನ ಹೆಸರು ಬರಕೊಳ್ಳಿ" ಎಂದರು. ಪ್ರಭು ಎಲ್ಲವನ್ನೂ ಕೇಳಿಸಿಕೊಂಡು ಬರೆಯುತ್ತಲೇ ಇದ್ದರು. ಚನ್ನಾಜಮ್ಮನವರು ನನ್ನನ್ನು ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದನ್ನು ಮುಚ್ಚಿಟ್ಟು ಉಳಿಸಲು ನೋಡಿದವರನ್ನು ನಾನೇ ಬಾಯಿ ತೆರೆದು ಮಳೆಗಾಲಕ್ಕೆ ದೂಡಿದ್ದೆ.

ಮಾಡಲು ಬೇರೇನೂ ತೋಚದೆ ಜೇಬಿನಿಂದ ನಿಯಮಗಳ ಪುಸ್ತಕ ತೆಗೆದೆ. ಹತ್ತನೆಯ ನಿಯಮ ಸಿಕ್ಕಿತು. ಪರೀಕ್ಷೆಗೆ ಓದಿದ್ದೆ, ಅದಾದ ಮೇಲೆ ಯಾರಿಗೂ ಬೇಕಾಗಿರಲಿಲ್ಲ. ಓದಿದಾಗ ಅದು ನಮಗೆ ಅನುಕೂಲವಾಗಿ ಕಂಡಿತು. ನಮಗೆ ಅನುಕೂಲವಾಗಿ ಕಂಡದ್ದರಿಂದಲೇ ಅನುಮಾನ ಬಂತು. ಸಂಜೆ ತರಗತಿಯ ಮೇಷ್ಟ್ರ ಮಾತು ನೆನಪಾಯಿತು. ಎದುರಾಳಿಯ ಕಣ್ಣು ಅಲ್ಲೇ, ಎರಡಡಿ ದೂರದಲ್ಲಿತ್ತು. ಪುಸ್ತಕವನ್ನು ಅವರ ಕೈಗೇ ಕೊಟ್ಟೆ.

"ಸರ್, ಇದನ್ನು ನಾನು ಸರಿಯಾಗಿ ಓದಿದ್ದೀನಾ, ಒಂದು ಸಲ ನೋಡ್ತೀರಾ?"

ಗೌಸಣ್ಣ ಹಣೆ ಚಚ್ಚಿಕೊಂಡ. "ಕಳ್ಳನ ಕೈಗೇ ಬೀಗದ ಕೈ ಕೊಟ್ಟು, ಇದು ನಮ್ಮನೇದಾ ಅಂತ ಕೇಳ್ತಾನಲ್ಲಪ್ಪಾ ಇವನು!"

ಪ್ರಭು ಕನ್ನಡಕ ಬದಲಿಸಿ ಗಟ್ಟಿಯಾಗಿ ಓದಿದರು. "ಮುಕ್ತಾಯಕ್ಕೆ ನೋಟಿಸಿನಲ್ಲಿ ಬರೆದ ಕಾರಣವನ್ನು ಮಾತ್ರ ಪರಿಗಣಿಸತಕ್ಕದ್ದು. ಬೇರೆ ಕಾರಣ ಕಂಡುಬಂದಲ್ಲಿ ಹೊಸ ನೋಟಿಸು ಕೊಟ್ಟು, ಕುಂದನ್ನು ಸರಿಪಡಿಸಿಕೊಳ್ಳಲು ತೊಂಬತ್ತು ದಿನ ಬಿಡತಕ್ಕದ್ದು." ಆಮೇಲೆ ಮನಸ್ಸಿನಲ್ಲೇ ಇನ್ನೊಂದು ಸಲ ಓದಿದರು. ಬಯಲಿನಲ್ಲಿ ಮಂಡಕ್ಕಿ ತಿನ್ನುವ ಸದ್ದೂ ನಿಂತಿತ್ತು.

"ಸರಿಯಾಗಿಯೇ ಓದಿದ್ದೀರಿ," ಎಂದರು. "ನಮ್ಮ ನೋಟಿಸಿನಲ್ಲಿ ಇರುವುದು ಮಾರಾಟ ಸಾಲದು ಎಂಬ ಕಾರಣ ಒಂದೇ. ಇವರು ಹೊತ್ತಿರುವುದು ಡಾಕ್ಟರು ಬರೆದದ್ದಕ್ಕಿಂತ ಒಂದು ಕಮ್ಮಿ. ಒಂದು ಕಾರಿಗಾಗಿ ಡೀಲರಶಿಪ್ಪು ಮುಚ್ಚಿ ಎಂದರೆ ಊರ ಕಚೇರಿ ನನ್ನನ್ನೇ ನೋಡಿ ನಗುತ್ತದೆ. ಈ ನೋಟಿಸು ಬಿತ್ತು. ಹೊಸದು ಬರುತ್ತದೆ. ತೊಂಬತ್ತು ದಿನದೊಳಗೆ ಆ ಕಾರು ಪರವಾನಗಿ ಇರುವ ಮೈಗೆ ಸೇರಿರಬೇಕು."

ಅವರು ಹೊರಡುವಾಗ ಕಾಫಿ ಕೊಡಲು ನಾನು ಕಾರಿನ ತನಕ ಹೋದೆ. ಲೋಟ ಹಿಡಿದುಕೊಂಡು ಕೇಳಿದರು, "ಅದು ಹೇಗಿರುತ್ತದೆ?"

"ಯಾವುದು ಸರ್?"

"ಆ ಕಾರು." ಅವರು ದವಡೆ ತೋರಿಸಿದರು. "ಹದಿನಾರು ವರ್ಷದಿಂದ ಈ ಕಂಪನಿಯಲ್ಲಿದ್ದೇನೆ. ನನ್ನ ಸಹಿಯಿಂದ ಸಾವಿರಾರು ಕಾರು ಹೊರಗೆ ಹೋಗಿವೆ. ನನಗೆ ಒಂದು ದಿನ ಒಂದು ಬೆರಳೂ ನೊಂದಿಲ್ಲ."

"ಹಪ್ಪಳ ಇದ್ದಾಗ ಏನೂ ಗೊತ್ತಾಗಲ್ಲ ಸರ್. ಖಾಲಿ ಇದ್ದಾಗ ಜೋರಾಗಿ ಗೊತ್ತಾಗುತ್ತೆ," ಎಂದೆ. ಅವರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ. ಲೋಟ ವಾಪಸು ಕೊಟ್ಟು ಹೋದರು.

ಅಂದು ಸಂಜೆ ಶೋರೂಮಿನಲ್ಲಿ ಚನ್ನಾಜಮ್ಮನವರು ನನ್ನನ್ನು ಪಟದ ಮುಂದೆ ನಿಲ್ಲಿಸಿಕೊಂಡರು.

"ಕೊಡು ಇತ್ತ ಆ ಕಾರನ್ನ. ತುಳಸಾನ್ನ ಕರೀತೀನಿ, ಅವಳು ಚಾಲೂ ಮಾಡ್ಲಿ, ನಾನೂ ನೀನೂ ಒಟ್ಟಿಗೆ ಕೈಯಿಟ್ಟು ದಾಟಿಸಿಕೊಳ್ಳೋಣ. ಒಂದು ನಿಮಿಷದ ಕೆಲಸ. ನೂರಾ ಅರವತ್ತೆರಡರ ಜೊತೆ ಇನ್ನೊಂದು, ನನಗೇನು."

ಅದು ಸುಲಭದ ದಾರಿ. ನೋಟಿಸೂ ಬೀಳುತ್ತಿತ್ತು, ನನ್ನ ದವಡೆಯೂ ಉಳಿಯುತ್ತಿತ್ತು. ನಾನು ಪಟವನ್ನು ನೋಡಿದೆ. ಸೊಂಟದ ಮೇಲೆ ಹನ್ನೊಂದು ಪಿನ್ನು, ಎಡ ಮೊಣಕಾಲಿನ ಮೇಲೆ ಕಾಗದ ಕಾಣದಷ್ಟು. ದವಡೆಯ ಮೇಲೆ ಜಾಗವೇ ಇರಲಿಲ್ಲ.

"ಪರವಾನಗಿ ನಾನೇ ತಗೋತೀನಿ ಅಮ್ಮಾ."

"ಒಂದು ಕಾರಿಗೆ ಪರವಾನಗಿ ಕೊಡಲ್ಲ ಕಣೋ, ಕಮ್ಮಿ ಅಂದ್ರೂ ಇಪ್ಪತ್ತು ಹೊರಬೇಕು. ನಿನ್ನ ಮೈ ನೋಡ್ಕೊಂಡಿದ್ದೀಯಾ? ಒಣಗಿದ ನುಗ್ಗೇಕಾಯಿ ಹಂಗಿದ್ದೀಯ. ಒಂದು ಕಾಗದ ಅಂಚೆಗೆ ಹಾಕಿ ಮೂರು ದಿನ ನಿದ್ದೆ ಮಾಡದವನು, ಇಪ್ಪತ್ತು ಕಾರು ಹೊತ್ತು ನಿದ್ದೆ ಮಾಡ್ತೀಯಾ?"

"ಹೇಗೂ ಮಾಡಲ್ವಲ್ಲಮ್ಮಾ."

ಅವರಿಗೆ ನಗು ಬಂತು. ಎಲ್ಲೋ ಯಾರೋ ಗೇರು ತಪ್ಪಾಗಿ ಹಾಕಿರಬೇಕು, ನಗುವಿನ ನಡುವೆ ಪಕ್ಕೆ ಹಿಡಿದುಕೊಂಡರು.

ಡಾಕ್ಟರು ನನ್ನನ್ನು ಎರಡು ಸಲ ತೂಕ ಮಾಡಿ ಇಪ್ಪತ್ತೆರಡು ಕಾರು ಹೊರಬಹುದು ಎಂದು ಬರೆದರು. ಹೊಸ ನೋಟಿಸು ಬಂದಾಗ ನನ್ನ ಅರ್ಜಿ ಊರ ಕಚೇರಿಯಲ್ಲಿತ್ತು; ಎಂಬತ್ತೊಂದನೆಯ ದಿನ ಪರವಾನಗಿ ಕೈಗೆ ಬಂತು. ಹತ್ತೊಂಬತ್ತು ಕಾರುಗಳನ್ನು ಅಮ್ಮನಿಂದ ದಾಟಿಸಿಕೊಳ್ಳಬೇಕಿತ್ತು. ಅವರು ಪಟ್ಟಿ ಮಾಡಿದರು: ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿ ಬರುವ ಕಾರುಗಳು, ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಕಾರುಗಳು, ನಿವೃತ್ತ ಕಂಪೌಂಡರ ಕಾರು, ಅದರಲ್ಲಿ ಅವರು ಕೂತು ರೇಡಿಯೋ ಮಾತ್ರ ಕೇಳುತ್ತಾರೆ. ನಾನು ಪಟ್ಟಿಯಲ್ಲಿ ಒಂದನ್ನು ಹೊಡೆದುಹಾಕಿ ಹೆಡ್‌ಮೇಷ್ಟ್ರ ಕಾರನ್ನು ಬರೆದೆ. ಚನ್ನಾಜಮ್ಮನವರು ಕಾಗದವನ್ನು ಬಹಳ ಹೊತ್ತು ನೋಡಿದರು. ದಾಟಿಸುವ ದಿನ ಮೇಷ್ಟ್ರು ತಾವೇ ರೇಡಿಯೇಟರಿಗೆ ನೀರು ತುಂಬಿಸಿಕೊಂಡು ಬಂದರು. ನನ್ನ ಜೊತೆ ಅವರಿಗೆ ಜಗಳವಿರಲಿಲ್ಲ. ಹೊಸದಾಗಿ ಒಂದನ್ನು ಹುಟ್ಟುಹಾಕುವ ಉತ್ಸಾಹವೂ ಇರಲಿಲ್ಲ.

ಈಗ ಶೋರೂಮಿನ ಗೋಡೆಯ ಮೇಲೆ ಎರಡು ಪಟಗಳಿವೆ. ನನ್ನದರಲ್ಲಿ ಇಪ್ಪತ್ತು ಚೀಟಿ. ಬೆಳಗ್ಗೆ ಗೌಸಣ್ಣ ಮೊದಲು ಅಮ್ಮನ ಪಟ ನೋಡುತ್ತಾನೆ, ಆಮೇಲೆ ನನ್ನದರ ಮುಂದೆ ನಿಂತು, "ನಿಜವಾಗ್ಲೂ ನೋಯ್ತಿದೆಯಾ, ಇಲ್ಲ ನೋಯಬಹುದು ಅಂತ ಪಿನ್ನು ಚುಚ್ಚಿದ್ದೀಯಾ?" ಎಂದು ಕೇಳುತ್ತಾನೆ. ಎರಡಕ್ಕೂ ಇರುವ ವ್ಯತ್ಯಾಸ ಕಲಿಯಲು ನನಗೆ ಸುಮಾರು ತಿಂಗಳುಗಳೇ ಹಿಡಿದವು. ಆ ಮಳೆಗಾಲದಲ್ಲಿ ವೈಪರುಗಳು ಶುರುವಾದಾಗ ನನ್ನ ರೆಪ್ಪೆಗಳೂ ಹಾರಿದವು, ಆದರೆ ಬ್ಲೇಡುಗಳು ಹೊಸವು, ಕಂಪನಿಯಿಂದಲೇ ಬಂದವು. ಅಮ್ಮ ನಿದ್ದೆ ಮಾಡಿದರು.

ಒಂದು ದಿನ ಸಂಜೆ ಐದರ ಸುಮಾರಿಗೆ ನಾನು ಬಾಗಿಲಲ್ಲಿ ನಿಂತಿದ್ದೆ. ತುಳಸಾಬಾಯಿಯ ಬಿಳಿ ಕಾರು ಪೇಟೆಯ ಕಡೆಯಿಂದ ಬರುವುದು ಕಂಡಿತು. ಅಭ್ಯಾಸಬಲದಿಂದ ಕೈ ದವಡೆಗೆ ಹೋಯಿತು. ಕಾರು ದೂರದಲ್ಲೇ ನಿಧಾನವಾಯಿತು. ಹಂಪಿನ ಬುಡಕ್ಕೆ ಬಂದು ಪೂರ್ತಿ ನಿಂತಿತು. ಆಮೇಲೆ ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರನ್ ಹೊಡೆಯುತ್ತಲೇ ಇದ್ದ. ತುಳಸಾಬಾಯಿ ಕಿಟಕಿಯಿಂದ ಕೈ ಆಚೆ ಹಾಕಿ, ತಡಿಯಪ್ಪಾ ತಡಿ ಎಂದು ಅವನಿಗೆ ಸನ್ನೆ ಮಾಡಿದರು.

ಇನ್ನೂ ಮಾಲು ಖರ್ಚಾಗಿಲ್ಲವೇನೋ ಎಂದು ನಾನು ಬಗ್ಗಿ ಹಿಂದಿನ ಗಾಜಿನೊಳಗೆ ನೋಡಿದೆ. ಕಾರು ಖಾಲಿ ಇತ್ತು.